ಯೊಸ ಬುಸೊನ್: ಚಿತ್ರಕಾರ ಕವಿಯೊಬ್ಬನ ಬಾಳು

ಪ್ರಾಚೀನ ಕವಿಯೊಬ್ಬನ ಜೀವನವೃತ್ತಾಂತವನ್ನು ಅವನ ಕೃತಿಗಳಿಂದಲೇ ಆಯ್ದು ಕಟ್ಟುವ ಕ್ರಮಕ್ಕೆ ಕನ್ನಡದ ವಿದ್ಯಾರ್ಥಿ ಹೊಸಬನಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಈ ಕ್ರಮವನ್ನು ಒಂದು ಶಿಸ್ತಾಗಿ ನೆಲೆಗೊಳಿಸಿದವು. ಕವಿಯ ಕಾಲ, ಮತ, ವಂಶ, ಗುರು, ಆಶ್ರಯದಾತ, ಊರು ಇವೆಲ್ಲ ಪೀಠಿಕೆಯ ಪದ್ಯಗಳಲ್ಲೊ ಆಶ್ವಾಸಾಂತ್ಯದ ಗದ್ಯದಲ್ಲೊ ದೊರೆಯುತ್ತವೆಂಬ ನಂಬಿಕೆ ಅದರ ಹಿಂದಿದೆ. ಪಂಪನಂಥವನು ತನ್ನ ತಂದೆ ಮುತ್ತಜ್ಜಂದಿರ ಹೆಸರನ್ನು ತಾನೇ ಹೇಳಿಕೊಂಡಿರುವುದರಿಂದ ಆ ನಂಬಿಕೆ ಬಹುಮಟ್ಟಿಗೆ ಫಲಿಸಿತು. ಆದರೆ ತನ್ನ ತಂದೆತಾಯಿಯರ ಹೆಸರನ್ನೇ ಎಲ್ಲಿಯೂ ಬರೆದಿಡದ, ಬದುಕಿದ್ದ ಹೆಂಡತಿಯನ್ನು ಸತ್ತವಳೆಂದು ಭಾವಿಸಿ ಶೋಕಪದ್ಯ ಬರೆದ, ತನ್ನ ಊರಿನ ಮೇಲಣ ಹಂಬಲವನ್ನು ಒಬ್ಬ ಮನೆಗೆಲಸದ ಹುಡುಗಿಯ ಬಾಯಲ್ಲಿ ಹೇಳಿಸಿದ ಕವಿ ಎದುರಾದರೆ ಈ ಕ್ರಮ ಏನಾಗುತ್ತದೆ? ಹದಿನೆಂಟನೆಯ ಶತಮಾನದ ಜಪಾನಿನ ಯೊಸ ಬುಸೊನ್ (1716-1784) ಅಂಥ ಕವಿ. ಅವನು ಕವಿಯಾಗಿದ್ದಷ್ಟೇ ಚಿತ್ರಕಾರನೂ ಆಗಿದ್ದನು. ಹೊಟ್ಟೆಪಾಡಿನ ದೃಷ್ಟಿಯಿಂದ ನೋಡಿದರೆ ಮೊದಲು ಚಿತ್ರಕಾರ, ಆಮೇಲೆ ಕವಿ.

ಜಪಾನಿನ ಕಾವ್ಯ ಕನ್ನಡಕ್ಕೆ ತೀರ ಅಪರಿಚಿತವೇನಲ್ಲ. 1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಠಾಕೂರರು ತಮ್ಮ ‘ಜಪಾನ್ ಯಾತ್ರಿ’ಯಲ್ಲಿ ಅಲ್ಲಿನ ಕಿರುಪದ್ಯಗಳ ಮಿತವ್ಯಯವನ್ನು ಭಾರತೀಯ ಓದುಗರಿಗೆ ಪರಿಚಯಿಸಿದರು. ಮಂಜೇಶ್ವರದ ಗೋವಿಂದ ಪೈಯವರು ಜಪಾನಿನ ‘ನೋ’ ನಾಟಕಗಳನ್ನು ಕನ್ನಡಕ್ಕೆ ತಂದರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆಯ ಪ್ರಾಧ್ಯಾಪಕರಾಗಿದ್ದ ಸತ್ಯಭೂಷಣ ವರ್ಮಾ ಅವರು ಹಿಂದಿಯಲ್ಲಿ ಹೈಕುವಿಗೆ ಒಂದು ನೆಲೆಯನ್ನು ಒದಗಿಸಿದರು. ಚಿತ್ರಕಲೆಯಲ್ಲಿಯೂ ಇಂಥ ಒಂದು ಎಳೆ ಇದೆ. ಮೈಸೂರಿನ ಕೆ. ವೆಂಕಟಪ್ಪನವರ ಗುರು ಅವನೀಂದ್ರನಾಥ ಠಾಕೂರರು 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನೀ ಕಲಾವಿದ ಯೊಕೊಯಾಮ ತೈಕಾನನ ಒಡನಾಟದಿಂದ ನೀರುಬಣ್ಣದ ಹೊಸ ಹದವೊಂದನ್ನು ಪಡೆದವರು. ಇಷ್ಟಾದರೂ ನಮ್ಮಲ್ಲಿ ಹೈಕು ಎಂದೊಡನೆ ನೆನಪಾಗುವ ಹೆಸರು ಬಾಶೊ ಒಂದೇ. ಬಾಶೊನ ನಂತರ ಆ ಪರಂಪರೆಯನ್ನು ಎತ್ತಿ ನಿಲ್ಲಿಸಿದ ಬುಸೊನನ ಪರಿಚಯ ಅಷ್ಟಾಗಿ ಆಗಿಲ್ಲ.

ಮುಂದೆ ಹೋಗುವ ಮೊದಲು ಒಂದು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬುಸೊನನ ಕಾಲದಲ್ಲಿ ‘ಹೈಕು’ ಎಂಬ ಹೆಸರು ಬಳಕೆಯಲ್ಲಿರಲಿಲ್ಲ. ಹಲವರು ಒಟ್ಟಿಗೆ ಕುಳಿತು ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಜೋಡಿಸುತ್ತ ಹೋಗುವ ಗೋಷ್ಠಿಕಾವ್ಯಕ್ಕೆ ‘ಹೈಕೈ’ ಎಂದು ಹೆಸರು. ಅದರ ಮೊದಲ ಪದ್ಯ ‘ಹೊಕ್ಕು’. 5, 7, 5 ಹೀಗೆ ಒಟ್ಟು 17 ಧ್ವನಿಮಾತ್ರೆಗಳು, ಅದರೊಳಗೆ ಒಂದು ಋತುಸೂಚಕ ಪದ, ನಡುವೆಯೊ ಕೊನೆಯಲ್ಲೊ ಒಂದು ತಡೆ, ಇಷ್ಟು ಅದರ ಕಟ್ಟು. ಈ ಮೊದಲ ಪದ್ಯವನ್ನು ಸರಪಳಿಯಿಂದ ಬಿಡಿಸಿ ಸ್ವತಂತ್ರ ಕಾವ್ಯವೆಂದು ಸಾರಿ ‘ಹೈಕು’ ಎಂಬ ಹೆಸರನ್ನು ರೂಢಿಗೆ ತಂದವನು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಸಾಓಕ ಶಿಕಿ. ಆದ್ದರಿಂದ ಬುಸೊನನನ್ನು ಏಕಾಂತದಲ್ಲಿ ಕುಳಿತು ಹೈಕು ಬರೆದ ಭಾವಗೀತೆಯ ಕವಿಯೆಂದು ಭಾವಿಸಬಾರದು. ಅವನ ಸುತ್ತ ಸದಾ ಒಂದು ಗೋಷ್ಠಿಯಿತ್ತು. ವ್ಯಾಪಾರಿಗಳು, ವೈದ್ಯರು, ಅರ್ಚಕರು ಅಲ್ಲಿ ಸೇರುತ್ತಿದ್ದರು. ಅವರಲ್ಲಿ ಹಲವರು ಅವನ ಚಿತ್ರಗಳ ಗಿರಾಕಿಗಳೂ ಹೌದು.

ಬುಸೊನ್ ಹುಟ್ಟಿದ್ದು 1716ರಲ್ಲಿ, ಸೆತ್ಸು ಪ್ರಾಂತದ ಕೆಮಾ ಎಂಬ ಹಳ್ಳಿಯಲ್ಲಿ. ಒಸಾಕ ನಗರದ ಅಂಚಿನಲ್ಲಿ, ಯೊದೊ ನದಿಯ ದಂಡೆಯ ಮೇಲಿದ್ದ ಊರದು. ಮನೆತನದ ಹೆಸರು ತಾನಿಗುಚಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡನೆಂದೂ, ತಾಯಿ ಆ ಮನೆಗೆ ಕೆಲಸಕ್ಕೆ ಬಂದವಳೆಂದೂ ಹಲವು ಊಹೆಗಳು ಬೆಳೆದಿವೆ. ಅವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಕವಿ ಸ್ವತಃ ಮೌನವಾಗಿದ್ದನೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ನೂರಾರು ಪತ್ರಗಳನ್ನು ಬರೆದ, ಹಣದ ತಾಪತ್ರಯವನ್ನೂ ಹೊಟ್ಟೆನೋವನ್ನೂ ಶಿಷ್ಯರಿಗೆ ಬಿಚ್ಚಿ ಹೇಳಿದ ಮನುಷ್ಯ ತನ್ನ ಬಾಲ್ಯದ ಬಗ್ಗೆ ಅರವತ್ತು ದಾಟುವವರೆಗೆ ಬಾಯಿ ಬಿಡಲಿಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ಅವನು ಊರು ಬಿಟ್ಟು ಎದೊ ನಗರಕ್ಕೆ, ಎಂದರೆ ಇಂದಿನ ಟೋಕಿಯೊಗೆ ಹೋದನು. ಅಲ್ಲಿ ಹಯಾನೊ ಹಾಜಿನ್ (1676-1742) ಎಂಬ ಹೈಕೈ ಗುರುವಿನ ಮನೆಯಲ್ಲಿ ನೆಲೆ ಸಿಕ್ಕಿತು. ಹಾಜಿನ್ ಬಾಶೊನ ಶಿಷ್ಯರಾದ ಕಿಕಾಕು ಮತ್ತು ರಾನ್ಸೆತ್ಸು ಇಬ್ಬರಲ್ಲಿಯೂ ಕಲಿತವನು. ಆದ್ದರಿಂದ ಗುರುಪರಂಪರೆಯ ಲೆಕ್ಕದಲ್ಲಿ ಬುಸೊನ್ ಬಾಶೊನ ಮೂರನೆಯ ತಲೆ. ಗುರುವಿನ ಮನೆ ನಗರದಲ್ಲಿ ಹೊತ್ತನ್ನು ಸಾರುವ ಗಂಟೆಯ ಬಳಿಯಲ್ಲಿತ್ತು. ಅದಕ್ಕೆ ತಕ್ಕಂತೆ ಹಾಜಿನ್ ಆ ಮನೆಯನ್ನು ‘ಯಹಾನ್ತೆಯ್’, ಎಂದರೆ ‘ನಡುರಾತ್ರಿಯ ಮಂಟಪ’ ಎಂದು ಕರೆದನು. ಗುರು ಕಲಿಸಿದ ಮುಖ್ಯ ಪಾಠವನ್ನು ಬುಸೊನ್ 1774ರಲ್ಲಿ ಒಂದು ಮುನ್ನುಡಿಯಲ್ಲಿ ನೆನೆದಿದ್ದಾನೆ: ಹೈಕೈ ದಾರಿಯಲ್ಲಿ ಗುರುವಿನ ರೀತಿಗೆ ಅಂಟಿಕೊಳ್ಳಬೇಕಾಗಿಲ್ಲ, ಕಾಲಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಾಗಬೇಕು ಎಂಬುದು ಅದರ ತಾತ್ಪರ್ಯ. ಶಿಷ್ಯನು ಅದನ್ನು ಅಕ್ಷರಶಃ ಪಾಲಿಸಿದನು. ಹೆಸರುಗಳ ವಿಷಯದಲ್ಲಂತೂ ತುಸು ಹೆಚ್ಚಾಗಿಯೇ ಪಾಲಿಸಿದನೆನ್ನಬೇಕು. ಕವಿಯಾಗಿ, ಚಿತ್ರಕಾರನಾಗಿ ಅವನು ಧರಿಸಿ ಕಳಚಿದ ಹೆಸರುಗಳನ್ನು ಲೆಕ್ಕವಿಡುವುದೇ ಕಲಾಚರಿತ್ರೆಕಾರರಿಗೆ ಒಂದು ಕೆಲಸವಾಗಿದೆ. ಹಾಗೆಯೇ ಚಿತ್ರದ ಕಾಲನಿರ್ಣಯಕ್ಕೆ ಆ ಹೆಸರುಗಳೇ ಆಧಾರವೂ ಆಗಿವೆ.

1742ರಲ್ಲಿ ಹಾಜಿನ್ ತೀರಿಕೊಂಡನು. ಬುಸೊನ್ ಎದೊ ಬಿಟ್ಟು, ಯೂಕಿ ಎಂಬ ಊರಿನಲ್ಲಿದ್ದ ಸಹಪಾಠಿ ಗಾನ್ತೊ ಎಂಬವನ ಆಶ್ರಯ ಪಡೆದನು. ಮುಂದಿನ ಸುಮಾರು ಹತ್ತು ವರ್ಷ ಅವನದು ಅಲೆದಾಟದ ಬದುಕು. ಸನ್ಯಾಸಿಯ ಉಡುಪು ತೊಟ್ಟು, ಬಾಶೊ ಹಿಂದೆ ನಡೆದಿದ್ದ ಈಶಾನ್ಯದ ಹಾದಿಗಳನ್ನು ಹಿಡಿದು, ಉಣ್ಣಲು ಇಕ್ಕಿದ ಮನೆಗಳಿಗೆ ಚಿತ್ರ ಬರೆದುಕೊಟ್ಟು ಅವನು ಸುತ್ತಾಡಿದನು. 1744ರಲ್ಲಿ ಉತ್ಸುನೊಮಿಯದಲ್ಲಿ ಪ್ರಕಟಿಸಿದ ಹೊಸವರ್ಷದ ಕಿರುಸಂಕಲನದಲ್ಲಿ ಮೊದಲ ಸಲ ‘ಬುಸೊನ್’ ಎಂಬ ಹೆಸರು ಕಾಣಿಸುತ್ತದೆ. ಆ ಹೆಸರಿನ ಎರಡು ಚೀನೀ ಲಿಪಿಗಳಲ್ಲಿ ಎರಡನೆಯದಕ್ಕೆ ಹಳ್ಳಿ ಎಂದರ್ಥ. ಮೊದಲನೆಯದಕ್ಕೆ ಟರ್ನಿಪ್ ಗೆಡ್ಡೆ ಎಂಬ ಅರ್ಥವೂ ಇದೆ, ಪಾಳುಬಿದ್ದು ಕಳೆ ಬೆಳೆದದ್ದು ಎಂಬ ಅರ್ಥವೂ ಇದೆ. ಅಧಿಕಾರ ತೊರೆದು ಊರಿಗೆ ಮರಳಿದ ಚೀನೀ ಕವಿ ತಾವೊ ಯುವಾನ್ಮಿಂಗನ ಪ್ರಸಿದ್ಧ ರಚನೆಯೊಂದರಲ್ಲಿ ಬೀಳುಬೀಳುತ್ತಿರುವ ಹೊಲಗಳಿಗೆ ಬಳಸಿದ ಲಿಪಿ ಅದೇ ಎಂಬುದನ್ನು ವಿದ್ವಾಂಸರು ತೋರಿಸಿದ್ದಾರೆ. ಆ ಕವಿ ಊರಿಗೆ ಮರಳಿದನು. ಪಾಳುಹಳ್ಳಿ ಎಂಬ ಹೆಸರು ಹೊತ್ತ ಈತ ತನ್ನ ಹಳ್ಳಿಗೆ ಮರಳಿ ನೆಲೆಸಲೇ ಇಲ್ಲ.

1745ರಲ್ಲಿ ಯೂಕಿಯಲ್ಲಿ ಶಿಂಗ ಎಂಬ ವೃದ್ಧ ಮಿತ್ರ ತೀರಿಕೊಂಡನು. ಅವನನ್ನು ಕುರಿತು ಬುಸೊನ್ ರಚಿಸಿದ ಶೋಕಗೀತೆ 17 ಮಾತ್ರೆಗಳ ಕಟ್ಟನ್ನು ಒಡೆದು ಉದ್ದುದ್ದ ಸಾಲುಗಳಲ್ಲಿ ಹರಿಯುತ್ತದೆ. ಇಪ್ಪತ್ತನೆಯ ಶತಮಾನದ ಜಪಾನೀ ಕವಿಗಳು ಇದನ್ನು ಕಂಡು ಬೆರಗಾದರು. ಹೊಸಗಾಳಿ ಬೀಸುವುದಕ್ಕೆ ನೂರು ವರ್ಷಕ್ಕೂ ಹಿಂದೆ ಮುಕ್ತಛಂದಸ್ಸು ಎಲ್ಲಿಂದ ಬಂತೆಂಬುದು ಅವರ ಬೆರಗು. ಶಿಂಗ ಸತ್ತ ಕೂಡಲೇ ಬರೆದದ್ದೇ ಅಥವಾ ಬಹಳ ವರ್ಷಗಳ ಮೇಲೆ ಬರೆದದ್ದೇ ಎಂಬ ಚರ್ಚೆಯೂ ಇದೆ. ಎಂದು ಬರೆದಿದ್ದರೂ ಹೈಕೈ ಗುರುವೊಬ್ಬನಿಂದ ಯಾರೂ ನಿರೀಕ್ಷಿಸದ ರಚನೆ ಅದು.

1751ರಲ್ಲಿ ಬುಸೊನ್ ಕ್ಯೋತೊ ನಗರಕ್ಕೆ ಬಂದನು. 1754ರಿಂದ 1757ರವರೆಗೆ ಉತ್ತರದ ಕಡಲತೀರದ ತಾಂಗೊ ಪ್ರಾಂತದಲ್ಲಿ, ಮಿಯಾಜು ಎಂಬ ಊರಿನ ದೇವಾಲಯವೊಂದರಲ್ಲಿದ್ದು ಚಿತ್ರಾಭ್ಯಾಸದಲ್ಲಿ ತೊಡಗಿದನು. ಅಲ್ಲಿಂದ ಹಿಂದಿರುಗಿದ ಮೇಲೆ ಆ ಪ್ರಾಂತದ ಯೊಸ ಎಂಬ ಸೀಮೆಯ ಹೆಸರನ್ನೇ ತನ್ನ ಮನೆತನದ ಹೆಸರಾಗಿ ಇಟ್ಟುಕೊಂಡನು. ಅದು ತಾಯಿಯ ತವರಿನ ಸೀಮೆಯಾಗಿದ್ದಿರಬೇಕೆಂದು ಕೆಲವರ ಮತ.

ಚಿತ್ರಕಲೆಯಲ್ಲಿ ಅವನಿಗೆ ಗುರುವೆಂದು ಹೇಳಬಹುದಾದವರಿಲ್ಲ. ಆಗಿನ ಜಪಾನು ಹೊರದೇಶಗಳಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿತ್ತು. ನಾಗಸಾಕಿ ಬಂದರಿನ ಮೂಲಕ ಚೀನೀ ವರ್ತಕರೂ ಡಚ್ಚರೂ ತರುತ್ತಿದ್ದುದಷ್ಟೇ ಒಳಗೆ ಬರುತ್ತಿತ್ತು. ಹಾಗೆ ಬಂದ ಸರಕಿನಲ್ಲಿ ‘ಸಾಸಿವೆಕಾಳಿನ ತೋಟ’ ಎಂಬ ಹೆಸರಿನ ಚೀನೀ ಚಿತ್ರಪಾಠದ ಪುಸ್ತಕವೂ ಒಂದು. ಬಂಡೆಗೆ ಇಂಥ ಗೆರೆ, ಬಿದಿರಿಗೆ ಇಂಥ ಬೀಸು, ದೂರದ ಬೆಟ್ಟಕ್ಕೆ ಇಷ್ಟು ಮಸಿ ಎಂದು ಅಚ್ಚಿನ ಪಡಿಯಚ್ಚುಗಳಲ್ಲಿ ಕಲಿಸುವ ಗ್ರಂಥವದು. 1731ರಲ್ಲಿ ನಾಗಸಾಕಿಗೆ ಬಂದು ಎರಡು ವರ್ಷ ನಿಂತ ಚೀನೀ ಚಿತ್ರಕಾರ ಶೆನ್ ನಾನ್‌ಪಿನ್ ಹಕ್ಕಿ ಹೂಗಳ ನೈಜಚಿತ್ರಣದ ಒಂದು ಹೊಸ ರೀತಿಯನ್ನು ಬಿಟ್ಟುಹೋಗಿದ್ದನು. ಬುಸೊನ್ ಇವೆಲ್ಲವನ್ನೂ ನಕಲು ಮಾಡುತ್ತ ಕಲಿತನು. ಚೀನದಲ್ಲಿ ‘ಪಂಡಿತ ಚಿತ್ರಕಲೆ’ ಎಂಬುದು ಅಧಿಕಾರಿಗಳಾಗಿದ್ದ ಕವಿಪಂಡಿತರು ಬಿಡುವಿನಲ್ಲಿ ಆನಂದಕ್ಕಾಗಿ ಬರೆದದ್ದು. ಅದನ್ನು ಮಾರುವುದು ಅವರ ದೃಷ್ಟಿಯಲ್ಲಿ ಕೀಳು. ಜಪಾನಿನಲ್ಲಿ ಆ ಆದರ್ಶವನ್ನು ಎತ್ತಿಕೊಂಡ ಬುಸೊನನಂಥವರು ಅದನ್ನು ಮಾರಿಯೇ ಬದುಕಬೇಕಾಯಿತು. ಈ ವಿರೋಧ ಅವನ ಬಾಳಿನುದ್ದಕ್ಕೂ ಉಳಿಯಿತು.

1760ರ ಸುಮಾರಿಗೆ, ನಲವತ್ತೈದರ ವಯಸ್ಸಿನಲ್ಲಿ, ತೊಮೊ ಎಂಬವಳನ್ನು ಅವನು ಮದುವೆಯಾದನು. ಕುನೊ ಎಂಬ ಒಬ್ಬಳೇ ಮಗಳು ಹುಟ್ಟಿದಳು. ಸಂಸಾರ ನಡೆಯಬೇಕಾದರೆ ಚಿತ್ರ ಮಾರಾಟವಾಗಬೇಕು. ದೊಡ್ಡ ಮಡಿಕೆ ಪರದೆಗಳಿಗೆ ರೇಷ್ಮೆ, ಬಣ್ಣ ಬೇಕು. ಅವನ ಮಿತ್ರರು ಸೇರಿ ಒಂದು ‘ಪರದೆ ಚೀಟಿ’ಯನ್ನು ಏರ್ಪಡಿಸಿದರು. ಸದಸ್ಯರು ಹಣ ಹಾಕುವುದು, ಆ ಹಣದಲ್ಲಿ ಅವನು ಪರದೆಗಳನ್ನು ಬರೆದುಕೊಡುವುದು ಅದರ ಏರ್ಪಾಡು. ನಮ್ಮ ಊರುಗಳ ಚೀಟಿ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1766ರಿಂದ 1768ರ ನಡುವೆ ಅವನು ಶಿಕೊಕು ದ್ವೀಪದ ಸಾನುಕಿ ಪ್ರಾಂತಕ್ಕೆ ಹೋಗಿ ಚಿತ್ರ ಬರೆದನು. ಅಲ್ಲಿನ ಮಾರುಗಾಮೆ ಊರಿನ ಮ್ಯೋಹೋಜಿ ದೇವಾಲಯಕ್ಕೆ ಅವನು ಬರೆದುಕೊಟ್ಟ ಸೊತೆತ್ಸು ಗಿಡದ ಚಿತ್ರದಿಂದಾಗಿ ಜನ ಅದನ್ನು ಬುಸೊನನ ಗುಡಿ ಎಂದೇ ಕರೆಯುವುದುಂಟು. 1768ರಲ್ಲಿ ಅಚ್ಚಾದ ಕ್ಯೋತೊ ನಗರದ ಗಣ್ಯರ ಕೈಪಿಡಿಯಲ್ಲಿ ಅವನ ಹೆಸರಿದೆ. ಅದು ಚಿತ್ರಕಾರರ ಪಟ್ಟಿಯಲ್ಲಿದೆ.

1770ರಲ್ಲಿ ಗುರುವಿನ ‘ಯಹಾನ್ತೆಯ್’ ಪೀಠಕ್ಕೆ ಬುಸೊನ್ ಉತ್ತರಾಧಿಕಾರಿಯಾದನು. ಮರುವರ್ಷ, 1771ರಲ್ಲಿ, ಅವನೂ ಇಕೆ ನೊ ತೈಗ (1723-1776) ಎಂಬ ಮತ್ತೊಬ್ಬ ಮಹಾಚಿತ್ರಕಾರನೂ ಸೇರಿ ‘ಹತ್ತು ಅನುಕೂಲ, ಹತ್ತು ಸೊಗಸು’ ಎಂಬ ಚಿತ್ರಸಂಪುಟವನ್ನು ರಚಿಸಿದರು. ಚೀನದ ಲಿ ಯು ಎಂಬ ಲೇಖಕ ಬೆಟ್ಟದಡಿಯಲ್ಲಿ ಮನೆಮಾಡಿ, ಅಲ್ಲಿನ ಬದುಕು ಅನನುಕೂಲವೆಂದು ಆಡಿಕೊಂಡವನಿಗೆ ಉತ್ತರವಾಗಿ ಬರೆದ ಪದ್ಯಗಳು ಇದಕ್ಕೆ ಮೂಲ. ನೀರು ಸೇದುವ, ಮೀನು ಹಿಡಿಯುವ, ಉಳುವ ಅನುಕೂಲಗಳನ್ನು ತೈಗ ಬರೆದನು. ವಸಂತ, ಗ್ರೀಷ್ಮ, ಶರತ್ತು, ಶಿಶಿರ, ಮುಂಜಾವು, ಸಂಜೆ, ಬಿಸಿಲು, ಗಾಳಿ, ಮೋಡ, ಮಳೆ ಈ ಹತ್ತರ ಸೊಗಸು ಬುಸೊನನ ಪಾಲಿಗೆ ಬಂತು. ಹಂಚಿಕೆ ಅರ್ಥಪೂರ್ಣವಾಗಿದೆ. ಮನುಷ್ಯರ ಕೆಲಸವನ್ನು ಚಿತ್ರಿಸುವುದು ಒಂದು ಬಗೆ. ಗಾಳಿಯನ್ನು, ಮುಂಜಾವನ್ನು ಚಿತ್ರಿಸುವುದು ಮತ್ತೊಂದು ಬಗೆ. ಕಣ್ಣಿಗೆ ಕಾಣದ ಗಾಳಿಯನ್ನು ಬಾಗಿದ ಮರದಲ್ಲಿ ತೋರಿಸಬೇಕು. ಋತುಸೂಚಕ ಪದವೊಂದರಿಂದ ಇಡೀ ಋತುವನ್ನು ಎಬ್ಬಿಸಬೇಕಾದ ಹೊಕ್ಕುಕವಿಗೆ ಈ ವಿದ್ಯೆ ಕೈಗೆ ಬಂದದ್ದೇ ಆಗಿತ್ತು. ಪ್ರತಿ ಹಾಳೆಯೂ ಸುಮಾರು 18 ಸೆಂಟಿಮೀಟರ್ ಚೌಕದ್ದು, ಅಂಗೈ ಅಗಲಕ್ಕಿಂತ ತುಸು ದೊಡ್ಡದು. ಈ ಸಂಪುಟ ಇಪ್ಪತ್ತನೆಯ ಶತಮಾನದಲ್ಲಿ ಕಾದಂಬರಿಕಾರ ಕಾವಾಬಾತ ಯಾಸುನಾರಿಯ ಕೈಸೇರಿತು. 1968ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವನ ಸಂಗ್ರಹದ ಇದು ಜಪಾನಿನ ರಾಷ್ಟ್ರನಿಧಿಗಳಲ್ಲಿ ಒಂದು.

ಕಾವ್ಯದ ಬಗೆಗೆ ಬುಸೊನ್ ತನ್ನ ವಿಚಾರವನ್ನು ಸ್ಪಷ್ಟವಾಗಿ ಹೇಳಿದ್ದು 1777ರಲ್ಲಿ, ತೀರಿಕೊಂಡಿದ್ದ ಶಿಷ್ಯ ಶೋಹಾನ ಪದ್ಯಸಂಗ್ರಹದ ಮುನ್ನುಡಿಯಲ್ಲಿ. ಹೈಕೈ ಆಡುಮಾತನ್ನು ಬಳಸಬೇಕು, ಆದರೆ ಆಡುಮಾತಿನ ಸಾಧಾರಣತೆಯನ್ನು ದಾಟಬೇಕು ಎಂಬುದು ಅಲ್ಲಿನ ಮುಖ್ಯ ಮಾತು. ದಾಟುವ ಬಗೆ ಹೇಗೆ ಎಂದು ಕೇಳಿದ ಶಿಷ್ಯನಿಗೆ ಚೀನೀ ಕಾವ್ಯವನ್ನು ಓದಲು ಅವನು ಹೇಳುತ್ತಾನೆ. ಚೀನೀ ಕಾವ್ಯ ಬೇರೆ, ಹೈಕೈ ಬೇರೆಯಲ್ಲವೆ ಎಂದು ಶಿಷ್ಯನು ಆಕ್ಷೇಪಿಸಿದಾಗ ಚಿತ್ರಕಾರರ ಗ್ರಂಥದಿಂದ ಸಮರ್ಥನೆ ತರುತ್ತಾನೆ: ಚಿತ್ರದಲ್ಲಿನ ಸಾಧಾರಣತೆಯನ್ನು ಕಳೆಯಲು ಹೆಚ್ಚು ಪುಸ್ತಕ ಓದುವುದಲ್ಲದೆ ಬೇರೆ ದಾರಿಯಿಲ್ಲವೆಂದು ಅವರು ಹೇಳುವುದಾದರೆ, ಕಾವ್ಯಕ್ಕೂ ಕಾವ್ಯಕ್ಕೂ ಎಷ್ಟು ದೂರ? ಮಾರ್ಗ-ದೇಸಿಗಳ ವಾಗ್ವಾದವನ್ನು ‘ಕವಿರಾಜಮಾರ್ಗ’ದಿಂದ ಓದುತ್ತ ಬಂದಿರುವ ನಮಗೆ ಇಲ್ಲಿನ ಪ್ರಶ್ನೆ ಹೊಸದೆನಿಸದು. ಬುಸೊನ್ ದೇಸಿಯನ್ನು ಬಿಡಲೊಲ್ಲ. ಮಾರ್ಗದ ಓದಿನಿಂದ ಅದನ್ನು ಹದಗೊಳಿಸಬೇಕೆನ್ನುತ್ತಾನೆ. ಗಮನಿಸಬೇಕಾದದ್ದೆಂದರೆ ಅವನ ಕಾವ್ಯಮೀಮಾಂಸೆಯ ಕೊನೆಯ ಪ್ರಮಾಣ ಚಿತ್ರಶಾಸ್ತ್ರದಿಂದ ಬಂದಿರುವುದು.

ಹೀಗಾಗಿ ಅವನ ಪದ್ಯಗಳನ್ನು ಶಬ್ದಚಿತ್ರಗಳೆಂದು ಕರೆಯುವುದು ವಾಡಿಕೆಯಾಗಿದೆ. ಹಳದಿ ಹೂಬಿಟ್ಟ ಬಯಲನ್ನು ಕುರಿತ ಅವನ ಅತಿ ಪ್ರಸಿದ್ಧ ಪದ್ಯದಲ್ಲಿ ಸೂರ್ಯಚಂದ್ರರು ಏಕಕಾಲಕ್ಕೆ ಎದುರುಬದುರಾಗಿರುವ ವಿಶಾಲ ನೋಟವಿದೆ. ನಮ್ಮ ಆಲಂಕಾರಿಕರು ಇದನ್ನು ಸ್ವಭಾವೋಕ್ತಿಯೆಂದು ಗುರುತಿಸಿಯಾರು. ಆದರೆ ಅಲ್ಲಿಗೇ ನಿಂತರೆ ಅರ್ಧ ಬುಸೊನ್ ಮಾತ್ರ ದೊರೆಯುತ್ತಾನೆ. ಅವನ ಎಷ್ಟೋ ಪದ್ಯಗಳಲ್ಲಿ ಕಂಡದ್ದಕ್ಕಿಂತ ಕಟ್ಟಿದ್ದೇ ಹೆಚ್ಚು. ಹಳೆಯ ಯುದ್ಧಕಾಲದ ಸವಾರರು, ಅರಮನೆಯ ಅಧಿಕಾರಿಗಳು, ನರಿಗಳು ಮನುಷ್ಯವೇಷ ತೊಟ್ಟು ಬರುವ ರಾತ್ರಿಗಳು, ಇವೆಲ್ಲ ಅವನು ಮನೆಯಲ್ಲಿ ಕುಳಿತು ಕಲ್ಪಿಸಿದ ಲೋಕಗಳು. ಬಾಶೊ ನಡೆದು ಬರೆದವನು. ನಡೆಯುತ್ತಲೇ 1694ರಲ್ಲಿ ತೀರಿಕೊಂಡವನು. ಬುಸೊನ್ ಮಧ್ಯವಯಸ್ಸಿನ ಮೇಲೆ ಮನೆಯಲ್ಲಿ ಕುಳಿತು ಬರೆದವನು.

ಈ ಭೇದವನ್ನು ಎತ್ತಿ ತೋರಿಸುವ ಒಂದು ಪದ್ಯ 1777ರದು. ಮೈಗೆ ನಾಟುವ ಚಳಿಯನ್ನು ಕುರಿತದ್ದು. ಮಲಗುವ ಕೋಣೆಯಲ್ಲಿ ಗಂಡನ ಕಾಲಿಗೆ ಗತಿಸಿದ ಹೆಂಡತಿಯ ಬಾಚಣಿಗೆ ಸಿಗುವುದು ಅದರ ವಸ್ತು. ಓದಿದವರೆಲ್ಲ ಕವಿಗೆ ಪತ್ನೀವಿಯೋಗವಾಗಿತ್ತೆಂದೇ ಭಾವಿಸುತ್ತಾರೆ. ವಾಸ್ತವವಾಗಿ ತೊಮೊ ಆಗ ಬದುಕಿದ್ದಳು. ಗಂಡ ಸತ್ತ ಮೇಲೂ ಮೂವತ್ತು ವರ್ಷ ಬಾಳಿ 1814ರಲ್ಲಿ ತೀರಿಕೊಂಡಳು. ಪದ್ಯದಿಂದ ಜೀವನಚರಿತ್ರೆಯನ್ನು ಹೆಕ್ಕುವವರಿಗೆ ಇದಕ್ಕಿಂತ ಕಟುವಾದ ಎಚ್ಚರಿಕೆ ಬೇಡ. ಅನುಭವವಿಲ್ಲದೆ ಬರೆದದ್ದೆಂದು ಇದನ್ನು ತಳ್ಳಿಹಾಕುವ ಓದುಗರೂ ಇದ್ದಾರೆ. ಆ ತೀರ್ಪು ಸರಿಯಲ್ಲ. ಆನಂದವರ್ಧನನು ಕವಿ ತಾನೇ ಆಡುವ ಪ್ರೌಢೋಕ್ತಿಯನ್ನೂ, ಕವಿ ನಿರ್ಮಿಸಿದ ಪಾತ್ರವೊಂದು ಆಡುವ ಪ್ರೌಢೋಕ್ತಿಯನ್ನೂ ಬೇರ್ಪಡಿಸಿದನು. ಎರಡನೆಯದಕ್ಕೆ ‘ಕವಿನಿಬದ್ಧವಕ್ತೃ’ವಿನ ಉಕ್ತಿ ಎಂದು ಹೆಸರು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ವಿಭಾಗ ನೂರಾರು ಪುಟಗಳ ಕಾವ್ಯಕ್ಕೆ ಒಪ್ಪುವುದು ಸಹಜ. 17 ಮಾತ್ರೆಗಳ ಪದ್ಯದೊಳಗೂ ಕವಿ ಒಬ್ಬ ವಕ್ತೃವನ್ನು ನಿಲ್ಲಿಸಬಲ್ಲನೆಂಬುದನ್ನು ಬುಸೊನ್ ತೋರಿಸಿದನು. ಬಾಚಣಿಗೆಯ ಪದ್ಯದ ಗಂಡ ಅಂಥ ವಕ್ತೃ.

ಅದೇ 1777ರಲ್ಲಿ ಅವನ ಬಾಳಿನ ಅತ್ಯಂತ ದೊಡ್ಡ ರಚನೆ ಹೊರಬಂತು. ಹಿಂದಿನ ಚಾಂದ್ರಮಾನ ವರ್ಷದ ಕೊನೆಯ ತಿಂಗಳಲ್ಲಿ ಒಬ್ಬಳೇ ಮಗಳು ಕುನೊಳನ್ನು ಮದುವೆಮಾಡಿ ಕಳಿಸಿದ್ದನು. ಅದಾದ ಕೆಲವೇ ವಾರಗಳಲ್ಲಿ ‘ಯಹಾನ್‌ರಾಕು’ ಎಂಬ ವಸಂತದ ಸಂಕಲನ ಅಚ್ಚಾಯಿತು. ಅದರಲ್ಲಿ ‘ಶುನ್‌ಪೂ ಬಾತೆಯ್ ಕ್ಯೊಕು’ ಎಂಬ, 18 ಭಾಗಗಳ ರಚನೆಯಿದೆ. ಕೆಮಾ ದಂಡೆಯ ಮೇಲೆ ಬೀಸುವ ವಸಂತದ ಗಾಳಿಯ ಹಾಡು ಎಂದು ಅದರ ಹೆಸರಿನ ಅರ್ಥ. ಒಸಾಕದ ಮನೆಯೊಂದರಲ್ಲಿ ಕೆಲಸಕ್ಕಿರುವ ಹುಡುಗಿ ಹೊಸವರ್ಷದ ರಜೆಯಲ್ಲಿ ದಂಡೆಯ ಮೇಲೆ ನಡೆಯುತ್ತ ಊರಿಗೆ ಬರುವಳು. ದಾರಿಯಲ್ಲಿ ಚಹದಂಗಡಿಯ ಮುದುಕಿ, ಬೇಲಿ ದಾಟಲಾರದ ಕೋಳಿಮರಿಗಳು, ಕಿತ್ತರೆ ಹಾಲು ಒಸರುವ ಹೂಗಿಡ. ಅಲ್ಲಿಂದ ತಾಯಿಯ ನೆನಪು, ಎಳವೆಯಲ್ಲಿ ಉಂಡ ಮಮತೆ, ನಗರದ ಶೋಕಿ ಕಲಿತು ಊರನ್ನು ಮರೆತ ನಾಚಿಕೆ. ಕೊನೆಗೆ ಸಂಜೆಯ ಬಾಗಿಲಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತ ತಾಯಿ. ಹುಡುಗಿ ಮನೆಯೊಳಗೆ ಹೋದಳೆಂದು ಕವಿ ಹೇಳುವುದಿಲ್ಲ. 1771ರಲ್ಲಿ ತೀರಿಕೊಂಡಿದ್ದ ಮಿತ್ರ ತೈಗಿಯ ಒಂದು ಪದ್ಯವನ್ನು, ರಜೆಗೆ ಬಂದ ಮಗಳು ಒಂಟಿ ಹೆತ್ತವರ ಪಕ್ಕದಲ್ಲಿ ಮಲಗುವ ಪದ್ಯವನ್ನು, ಅವನ ಹೆಸರು ಹೇಳಿಯೇ ಕೊನೆಗೆ ಇಡುತ್ತಾನೆ. ಮನೆಯ ಹೊಸ್ತಿಲನ್ನು ದಾಟಿಸಲು ಬುಸೊನನಿಗೆ ಇನ್ನೊಬ್ಬನ ಪದ್ಯ ಬೇಕಾಯಿತು.

ರೂಪದ ದೃಷ್ಟಿಯಿಂದಲೂ ಇದು ಅಪೂರ್ವ. ಕೆಲವು ಭಾಗಗಳು ಹೊಕ್ಕುಗಳು, ಕೆಲವು ಚೀನೀ ಭಾಷೆಯ ಪದ್ಯಗಳು, ಕೆಲವು ಚೀನೀಯನ್ನು ಜಪಾನಿಯಾಗಿ ಓದುವ ಧಾಟಿಯ ಉದ್ದ ಸಾಲುಗಳು. ನಮ್ಮ ಚಂಪುವಿನಲ್ಲಿ ವೃತ್ತ, ಕಂದ, ಗದ್ಯಗಳು ಒಂದರ ಬೆನ್ನಿಗೊಂದು ಬರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದಿದ್ದರೂ ಜಪಾನೀ ಓದುಗರಿಗೆ ಇದಕ್ಕೆ ಹಿಂದಿನ ಮಾದರಿಯೆಂಬುದಿರಲಿಲ್ಲ. ವಸ್ತುವಿನಲ್ಲಿ ಮಾತ್ರ ನಮಗೆ ಇದು ತುಂಬ ಹತ್ತಿರ. ‘ಗರತಿಯ ಹಾಡು’ (1931) ಸಂಕಲನದಿಂದ ಮೊದಲಾಗಿ ನಮ್ಮ ಜನಪದ ತ್ರಿಪದಿಗಳಲ್ಲಿ ತವರಿನ ಹಾದಿಯಷ್ಟು ತುಳಿದ ಹಾದಿ ಮತ್ತೊಂದಿಲ್ಲ. ಅಲ್ಲಿ ಹಾಡುವವಳು ಹೆಣ್ಣೇ. ಇಲ್ಲಿ ಅರವತ್ತು ದಾಟಿದ ಗಂಡಸೊಬ್ಬ ತವರಿಗೆ ನಡೆಯುವ ಹುಡುಗಿಯ ಹಿಂದೆ ಮರೆಯಾಗಿದ್ದಾನೆ.

ಮರೆಯಾಗಿದ್ದಾನೆಂಬುದು ಓದುಗರ ಊಹೆಯಲ್ಲ. ಅದೇ ವರ್ಷ ಫುಶಿಮಿಯ ಶಿಷ್ಯರಿಗೆ ಬರೆದ ಪತ್ರದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಕೆಮಾ ದಂಡೆ ತನ್ನ ಊರಿನದೆಂದೂ, ಎಳೆಯನಾಗಿದ್ದಾಗ ತಿಳಿಯಾದ ವಸಂತದ ದಿನಗಳಲ್ಲಿ ಗೆಳೆಯರೊಡನೆ ಅಲ್ಲಿ ಆಡುತ್ತಿದ್ದೆನೆಂದೂ, ನದಿಯಲ್ಲಿ ದೋಣಿಗಳೂ ದಂಡೆಯ ಮೇಲೆ ದಾರಿಹೋಕರೂ ಹೋಗಿಬರುತ್ತಿದ್ದರೆಂದೂ ಬರೆದು, ಈ ಹಾಡು ಮುದುಕನೊಬ್ಬನ ಹಂಬಲದಿಂದ ಹೊರಟ ನರಳಿಕೆಯೆನ್ನುವ ಅರ್ಥದ ಮಾತನ್ನು ಸೇರಿಸಿದ್ದಾನೆ. ಬಾಳಿನುದ್ದಕ್ಕೂ ಮುಚ್ಚಿಟ್ಟಿದ್ದನ್ನು ಅವನು ಬಿಚ್ಚಿದ್ದು ಇಷ್ಟೇ. ಕ್ಯೋತೊದ ತೆಂಕಣ ಫುಶಿಮಿಯಿಂದ ಯೊದೊ ನದಿಯಲ್ಲಿ ದೋಣಿ ಹತ್ತಿದರೆ ಒಸಾಕಕ್ಕೆ ಅರ್ಧ ದಿನದ ಹಾದಿ. ಒಸಾಕದ ಮಿತ್ರರಲ್ಲಿಗೆ ಅವನು ಹೋಗಿಬರುತ್ತಿದ್ದುದೂ ಉಂಟು. ಆದರೆ ಕೆಮಾಕ್ಕೆ ಹೋದನೆಂಬುದಕ್ಕೆ ಒಂದು ದಾಖಲೆಯೂ ಸಿಕ್ಕಿಲ್ಲ.

ಹೀಗೆ ನೋಡಿದಾಗ ಬಾಚಣಿಗೆಯ ಪದ್ಯವನ್ನೂ ದಂಡೆಯ ಹಾಡನ್ನೂ ಒಂದೇ ವರ್ಷದಲ್ಲಿ ಬರೆದದ್ದು ಅರ್ಥಪೂರ್ಣವಾಗುತ್ತದೆ. ಎರಡರಲ್ಲಿಯೂ ವಕ್ತೃ ಬೇರೆ. ಒಂದರಲ್ಲಿ ಇಲ್ಲದ ದುಃಖ ನಿಜದಂತೆ ಬಂದಿದೆ. ಇನ್ನೊಂದರಲ್ಲಿ ನಿಜವಾದ ದುಃಖ ಬೇರೊಬ್ಬರದೆಂಬಂತೆ ಬಂದಿದೆ. ಪತ್ರ ಉಳಿಯದಿದ್ದರೆ ಇವೆರಡನ್ನೂ ಬೇರ್ಪಡಿಸುವ ಉಪಾಯವೇ ನಮಗಿರುತ್ತಿರಲಿಲ್ಲ.

ಮಗಳ ದಾಂಪತ್ಯ ಉಳಿಯಲಿಲ್ಲ. ಬೀಗರು ಹಣದ ಮೇಲೆಯೇ ಕಣ್ಣಿಟ್ಟವರೆಂದು, ಮಗಳು ಅಲ್ಲಿ ನವೆಯುತ್ತಿದ್ದಾಳೆಂದು ಕಂಡು ಅದೇ ವರ್ಷದ ಐದನೆಯ ತಿಂಗಳಲ್ಲಿ ಬುಸೊನ್ ಅವಳನ್ನು ಮನೆಗೆ ಕರೆತಂದನು. ಅದಕ್ಕೆ ತುಸು ಮೊದಲು, ಬುದ್ಧಜಯಂತಿಯಂದು, ದಿನಕ್ಕೆ ಹತ್ತರಂತೆ ಪದ್ಯ ಬರೆಯುವ ವ್ರತವೊಂದನ್ನು ಆರಂಭಿಸಿದ್ದನು. ‘ಹೊಸ ಹೂಕೊಯ್ಲು’ ಎಂಬ ಅರ್ಥದ ಆ ಕೃತಿ ಕೆಲವು ದಿನಗಳಲ್ಲಿಯೇ ನಿಂತುಹೋಯಿತು. ತಾಯಿಯ ನೆನಪಿಗಾಗಿ ಕೈಗೊಂಡ ವ್ರತವಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ತಾಯಿಗಾಗಿ ಹಿಡಿದದ್ದು ಮಗಳಿಗಾಗಿ ಕೈಬಿಟ್ಟಿತು.

ಬಾಶೊ ತೀರಿಕೊಂಡು ಎಂಬತ್ತು ವರ್ಷಗಳಾಗುವಷ್ಟರಲ್ಲಿ ಹೈಕೈ ಸುಲಭದ ಚಮತ್ಕಾರಕ್ಕೆ ಇಳಿದಿತ್ತು. ‘ಬಾಶೊನೆಡೆಗೆ ಮರಳಿ’ ಎಂಬ ಚಳವಳಿಯ ಮುಂದಾಳುಗಳಲ್ಲಿ ಬುಸೊನ್ ಒಬ್ಬನಾದನು. ಕ್ಯೋತೊದ ಈಶಾನ್ಯದಲ್ಲಿರುವ ಕೊನ್ಪುಕುಜಿ ದೇವಾಲಯದ ಬೆಟ್ಟದ ಮೇಲೆ ಬಾಶೊನ ಹೆಸರಿನ ಗುಡಿಸಲನ್ನು ಮತ್ತೆ ಕಟ್ಟಿಸುವ ಕೆಲಸ 1776ರಲ್ಲಿ ಆರಂಭವಾಗಿ 1781ರಲ್ಲಿ ಮುಗಿಯಿತು. ಈ ನಡುವೆ, 1778 ಮತ್ತು 1779ರಲ್ಲಿ, ಬಾಶೊನ ‘ಒಕು ನೊ ಹೊಸೊಮಿಚಿ’ ಎಂಬ ಪ್ರವಾಸಕಥನವನ್ನು ಪೂರ್ತಿಯಾಗಿ ತನ್ನ ಕೈಯಲ್ಲಿ ಬರೆದು ನಡುನಡುವೆ ಚಿತ್ರಗಳನ್ನಿಟ್ಟು ಸುರುಳಿಗಳನ್ನೂ ಒಂದು ಪರದೆಯನ್ನೂ ಅವನು ಸಿದ್ಧಪಡಿಸಿದನು. ಇಲ್ಲಿನ ಮನುಷ್ಯರು ನಾಲ್ಕಾರು ಗೆರೆಗಳಲ್ಲಿ ಮೂಡಿದವರು, ತುಸು ನಗೆ ಬರಿಸುವವರು. ಪದ್ಯ, ಚಿತ್ರ, ಕೈಬರಹ ಮೂರೂ ಒಂದೇ ಕುಂಚದಿಂದ ಹುಟ್ಟುವ ಈ ಪ್ರಕಾರಕ್ಕೆ ‘ಹೈಗ’ ಎಂದು ಹೆಸರು ಬಂದಿದೆ. ಚಿತ್ರವು ಪದ್ಯದ ವಿವರಣೆಯಾದರೆ ಹೈಗ ಸತ್ತಂತೆ; ಎರಡರ ನಡುವೆ ಓದುಗ ದಾಟಬೇಕಾದ ಒಂದು ಅಂತರ ಉಳಿದಿರಬೇಕು. ಸಾಮಾನ್ಯವಾಗಿ ವಿನಯಶೀಲನಾದ ಬುಸೊನ್ ಈ ಒಂದು ವಿದ್ಯೆಯಲ್ಲಿ ದೇಶದಲ್ಲೇ ತನಗೆ ಸಮಾನರಿಲ್ಲವೆಂದು 1776ರ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಮಾತು ಸುಳ್ಳಲ್ಲ.

1778ರ ಸುಮಾರಿನಿಂದ ಚಿತ್ರಗಳಲ್ಲಿ ‘ಶಾ-ಇನ್’ ಎಂಬ ಹೊಸ ಅಂಕಿತ ಬರುತ್ತದೆ. ಅವನ ಶ್ರೇಷ್ಠ ಚಿತ್ರಗಳು ಈ ಕೊನೆಯ ಐದಾರು ವರ್ಷಗಳವು. ಹಿಮ ಬೀಳುವ ರಾತ್ರಿಯ ಕ್ಯೋತೊ ನಗರವನ್ನು ತೋರಿಸುವ ಅಡ್ಡಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎತ್ತರ 28 ಸೆಂಟಿಮೀಟರಿನಷ್ಟು, ಅಗಲ 130ರಷ್ಟು. ಮಸಿಯ ಆಕಾಶ, ಕಾಗದದ ಬಿಳಿಯನ್ನೇ ಬಿಟ್ಟು ಮಾಡಿದ ಬೆಟ್ಟಸಾಲು, ಅದರ ಕೆಳಗೆ ಒತ್ತಾಗಿ ಸೇರಿದ ನೂರಾರು ಸೂರುಗಳು. ಅಲ್ಲಲ್ಲಿ ಕಿಟಕಿಗಳಲ್ಲಿ ಕೆಂಪುಛಾಯೆಯ ತೆಳುಬಣ್ಣದ ಸ್ಪರ್ಶವಿದೆ. ಒಳಗೆ ದೀಪ ಹಚ್ಚಿದ್ದಾರೆ. ಚೀನೀ ಮಾದರಿಯ ಬೆಟ್ಟಗಳನ್ನು ಬರೆದು ಬರೆದು ಕೈ ಪಳಗಿದವನು ಇಲ್ಲಿ ತಾನು ವಾಸವಾಗಿದ್ದ ಊರಿನ ಮನೆಗಳನ್ನು ಬರೆದಿದ್ದಾನೆ. ಒಬ್ಬ ಮನುಷ್ಯನೂ ಚಿತ್ರದಲ್ಲಿಲ್ಲ, ಆದರೂ ಅದು ಮನುಷ್ಯರಿಂದ ತುಂಬಿದೆ. 2009ರಲ್ಲಿ ಇದೂ ರಾಷ್ಟ್ರನಿಧಿಯಾಯಿತು. ಬಿರುಗಾಳಿಯ ಮಳೆಯಲ್ಲಿ ಕೊಂಬೆಯನ್ನು ಹಿಡಿದು ಕುಳಿತ ಒಂಟಿ ಹದ್ದು, ಹಿಮದಲ್ಲಿ ಮೈಗೆ ಮೈ ಒತ್ತಿಕೊಂಡ ಎರಡು ಕಾಗೆ, ಈ ಜೋಡಿಚಿತ್ರವೂ ಆ ಕಾಲದ್ದೇ.

ಈ ಮುಪ್ಪಿನ ದಿನಗಳಲ್ಲಿ ಕೊಇತೊ ಎಂಬ ಗಾಯಕಿಯ ಮೇಲೆ ಅವನಿಗೆ ಮೋಹ ಬೆಳೆದು, ಮಿತ್ರ ದೋರ್ಯೂ ಬುದ್ಧಿ ಹೇಳಬೇಕಾಯಿತು. ಹೇಳಿದ್ದು ಸರಿಯೆಂದು ಒಪ್ಪಿ ಅವನು ಬರೆದ ಉತ್ತರ ಉಳಿದಿದೆ. ಆದರ್ಶಕವಿಯ ಮೂರ್ತಿಯನ್ನು ಕಡೆಯುವವರಿಗೆ ಈ ಸಂಗತಿ ಮುಜುಗರ ತಂದೀತು. ಬುಸೊನನಿಗೆ ತಂದಂತೆ ಕಾಣುವುದಿಲ್ಲ.

1783ರ ಕೊನೆಯಲ್ಲಿ, ನಮ್ಮಲ್ಲಿ ಹೈದರಾಲಿ ತೀರಿಕೊಂಡ ಮರುವರ್ಷ, ಬುಸೊನ್ ಹಾಸಿಗೆ ಹಿಡಿದನು. ಈಗಿನ ಲೆಕ್ಕದಲ್ಲಿ 1784ರ ಜನವರಿ 17ರ ಬೆಳಗಿನ ಜಾವ, ಜಪಾನೀ ಗಣನೆಯಂತೆ 68ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಕೊನೆಯ ರಾತ್ರಿ ಅವನು ಹೇಳಿದ ಮೂರು ಪದ್ಯಗಳನ್ನು ಶಿಷ್ಯ ಗೆಕ್ಕೆಯ್ ಬರೆದುಕೊಂಡನು. ಮುಂದೆ ಗೋಶುನ್ ಎಂಬ ಹೆಸರಿನಿಂದ ಒಂದು ಚಿತ್ರಪಂಥವನ್ನೇ ಸ್ಥಾಪಿಸಿದವನು ಈತ. ಆ ಮೂರರಲ್ಲಿ ಕೊನೆಯದು ಬಿಳಿಯ ಹೂವಿನ ಬೆಳಕಿಗೆ ಬೆಳಗಾಗುವುದನ್ನು ಕುರಿತದ್ದು. ಅದಕ್ಕೆ ‘ವಸಂತಾರಂಭ’ ಎಂಬ ತಲೆಬರಹ ಇಡಬೇಕೆಂದು ಹೇಳಿ ಅವನು ಕಣ್ಣು ಮುಚ್ಚಿದನು. ವಸಂತಕ್ಕೆ ಇನ್ನೂ ಕೆಲವು ದಿನಗಳಿದ್ದವು. ಅವನ ಆಸೆಯಂತೆ ಕೊನ್ಪುಕುಜಿಯ ಬಾಶೊ ಗುಡಿಸಲಿನ ಬಳಿಯಲ್ಲೇ ಸಮಾಧಿಯಾಯಿತು. ಅದೇ ವರ್ಷ ಶಿಷ್ಯ ಕಿತೊ 868 ಪದ್ಯಗಳ ಸಂಗ್ರಹವನ್ನು ಹೊರತಂದನು.

ಆಮೇಲೆ ನೂರು ವರ್ಷಕ್ಕೂ ಮೇಲ್ಪಟ್ಟು ಬುಸೊನ್ ಮುಖ್ಯವಾಗಿ ಚಿತ್ರಕಾರನೆಂದೇ ಹೆಸರಾಗಿದ್ದನು. 1897ರಲ್ಲಿ ಮಸಾಓಕ ಶಿಕಿ ಪತ್ರಿಕಾಲೇಖನಗಳ ಮೂಲಕ ಅವನನ್ನು ಬಾಶೊನಿಗೆ ಸರಿಸಮನೆಂದು ಎತ್ತಿಹಿಡಿದನು. ಕಂಡದ್ದನ್ನು ಕಂಡಂತೆ ಬರೆಯುವ ವಸ್ತುನಿಷ್ಠತೆಯೇ ಅವನಲ್ಲಿ ಶಿಕಿ ಮೆಚ್ಚಿದ ಗುಣ. 1936ರಲ್ಲಿ ಕವಿ ಹಾಗಿವಾರ ಸಾಕುತಾರೊ ಇದಕ್ಕೆ ತೀರ ಎದುರಾದ ಪುಸ್ತಕ ಬರೆದನು. ಬುಸೊನ್ ಹಂಬಲದ ಕವಿ, ಕಳೆದುಹೋದ ತಾಯಮಡಿಲನ್ನು ನೆನೆವ ಕವಿ ಎಂಬುದು ಅವನ ವಾದ. ಶಿಕಿಗೆ ಬಯಲಿನ ಪದ್ಯ ಮುಖ್ಯ, ಸಾಕುತಾರೊಗೆ ದಂಡೆಯ ಹಾಡು ಮುಖ್ಯ. ಶಿಕಿ ಚಿತ್ರಕಾರನ ಕಣ್ಣನ್ನು ಸರಿಯಾಗಿ ಗುರುತಿಸಿದರೂ ಆ ಕಣ್ಣು ಇಲ್ಲದ್ದನ್ನೂ ಕಾಣುತ್ತಿತ್ತೆಂಬುದನ್ನು ಸಾಕಷ್ಟು ಗಮನಿಸಲಿಲ್ಲವೆನ್ನಬೇಕಾಗುತ್ತದೆ. ಸಾಕುತಾರೊ ಎಲ್ಲ ಪದ್ಯಗಳಲ್ಲೂ ಕೆಮಾವನ್ನೇ ಕಂಡನು. ಅವನ ಪುಸ್ತಕದಲ್ಲಿ ಬುಸೊನನಷ್ಟೇ ಸಾಕುತಾರೊ ಕೂಡ ಇದ್ದಾನೆ.

ಪಠ್ಯವೂ ಇನ್ನೂ ಬೆಳೆಯುತ್ತಲೇ ಇದೆ. 2015ರಲ್ಲಿ ತೆನ್ರಿ ಗ್ರಂಥಾಲಯವು ಶಿಷ್ಯರು ಸಂಕಲಿಸಿದ್ದ ಹಸ್ತಪ್ರತಿಯೊಂದರಲ್ಲಿ ಅದುವರೆಗೆ ತಿಳಿಯದಿದ್ದ 212 ಪದ್ಯಗಳು ದೊರೆತಿರುವುದಾಗಿ ಪ್ರಕಟಿಸಿತು. ಹಳೆಯ ಕಟ್ಟುಗಳಲ್ಲಿ ಇನ್ನೊಂದು ಪತ್ರ ಸಿಕ್ಕರೆ ಮತ್ತೊಂದು ಪದ್ಯದ ವಕ್ತೃ ಬದಲಾಗಬಹುದು.

ಒಸಾಕವನ್ನು ನೆರೆಯಿಂದ ಕಾಪಾಡಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೊದೊ ನದಿಗೆ ಹೊಸ ಪಾತ್ರವನ್ನು ತೋಡಿದರು. 1907ರಲ್ಲಿ ಕೆಮಾದಲ್ಲಿ ದೋಣಿಗಳನ್ನು ದಾಟಿಸುವ ಕಟ್ಟೆಬಾಗಿಲು ಸಿದ್ಧವಾಯಿತು. ಅದರ ಸಮೀಪದ ದಂಡೆಯ ಮೇಲೆ ಬುಸೊನನ ಜನ್ಮಸ್ಥಳವನ್ನು ಸೂಚಿಸುವ ಕಲ್ಲು ನಿಂತಿದೆ. ಮನೆ ಇದ್ದ ಜಾಗ ಆ ಕಲ್ಲಿನಡಿಯಲ್ಲಿಲ್ಲ, ಈಗಿನ ನದಿಯ ತಳದಲ್ಲಿದೆ ಎಂದು ಅಲ್ಲಿನವರು ಹೇಳುತ್ತಾರೆ.